ಕೋಡ್ ಉಳಿಯಿತು, ಕೈಪಿಡಿ ಎಲ್ಲಿ?

ಸ್ಯಾನ್ ರಮೋನ್‌ನ ವಿಂಡೆಮೀರ್ ಕಡೆಯ ಕನ್ನಡದ ಮನೆಗಳಲ್ಲಿ ಗರಾಜಿನ ಮೂಲೆಯಲ್ಲೋ ಮೆಟ್ಟಿಲ ಕೆಳಗಿನ ಕಪಾಟಿನಲ್ಲೋ ಸದಾ ಗುಂಯ್‌ಗುಡುವ ಒಂದು ಪೆಟ್ಟಿಗೆ ಇರುವುದು ಈಗ ಅಪರೂಪವೇನಲ್ಲ. ಒಳಗೆ ನಾಲ್ಕು ಹಾರ್ಡ್ ಡಿಸ್ಕು, ಅವನ್ನು ನಡೆಸಲು ಟ್ರೂನ್ಯಾಸ್‌ನಂಥ ಒಂದು ಮುಕ್ತ ತಂತ್ರಾಂಶ. ಮಗಳ ರಂಗಪ್ರವೇಶದ ವಿಡಿಯೊ, ಮೈಸೂರಿನ ಅಜ್ಜಿ ಫೋನಿನಲ್ಲಿ ಹೇಳಿದ ಕಥೆಗಳು, ಊರಿನ ಜಮೀನಿನ ಪಹಣಿಯ ಸ್ಕ್ಯಾನು, ವರ್ಷಗಟ್ಟಲೆಯ ತೆರಿಗೆ ಕಾಗದ, ಎಲ್ಲಾ ಅದರ ಹೊಟ್ಟೆಯಲ್ಲಿ. ಊರಿನ ಕೆಳಗೇ ಕ್ಯಾಲವೆರಸ್ ಬಿರುಕು ಹಾದುಹೋಗಿದೆ. 2015ರ ಅಕ್ಟೋಬರ್‌ನಲ್ಲಿ ಇಲ್ಲಿ ಸಣ್ಣ ಕಂಪನಗಳು ನೂರಾರು ಸಂಖ್ಯೆಯಲ್ಲಿ ಬಂದುಹೋದವು. ಶರತ್ಕಾಲದ ಒಣಗಾಳಿ ಎದ್ದರೆ ಕಾಳ್ಗಿಚ್ಚಿನ ಭಯಕ್ಕೆ ವಿದ್ಯುತ್ ಕಂಪನಿಯವರು ಗುಡ್ಡದಂಚಿನ ಊರುಗಳಿಗೆ ತಾವಾಗಿಯೇ ಕರೆಂಟು ತೆಗೆಯುವುದೂ ಉಂಟು. ಆದರೂ ಪೆಟ್ಟಿಗೆಯ ಯಜಮಾನರು ಸೇರಿದಾಗ ಭೂಕಂಪದ ಮಾತು ಕಡಿಮೆ. ಅವರ ಪ್ರಶ್ನೆ ಒಂದೇ: ಇಂಟರ್‌ನೆಟ್ಟಿನಲ್ಲಿ ಹತ್ತು ಪುಟ ಹತ್ತು ಥರ ಹೇಳುತ್ತಿವೆ, ಯಾವುದನ್ನು ನಂಬೋಣ?

ಪ್ರಶ್ನೆ ಸಣ್ಣದಲ್ಲ ಎಂಬುದಕ್ಕೆ ಒಂದು ಉದಾಹರಣೆ ಸಾಕು. ಸ್ನೇಹಿತರೊಬ್ಬರ ಪೆಟ್ಟಿಗೆಯಲ್ಲಿ ಜಾಗ ಮುಗಿಯುತ್ತಾ ಬಂತು. ಒಂದು ಖಾಲಿ ಗೂಡಿತ್ತು, ಹೊಸ ಡಿಸ್ಕು ತಂದರು. ಡಿಸ್ಕುಗಳನ್ನು ನಡೆಸುತ್ತಿದ್ದುದು ಝಡ್‌ಎಫ್‌ಎಸ್ ಎಂಬ ಕಡತ ವ್ಯವಸ್ಥೆ. ನಾಲ್ಕು ಡಿಸ್ಕನ್ನು ಒಂದು ಗುಂಪಾಗಿ ಕಟ್ಟಿ, ಅವುಗಳ ಮೇಲೆ ಮಾಹಿತಿಯನ್ನೂ ಅದನ್ನು ಮರಳಿ ಕಟ್ಟಲು ಬೇಕಾದ ಲೆಕ್ಕವನ್ನೂ ಹರಡಿಡುವ ಏರ್ಪಾಡಿಗೆ ಅದರಲ್ಲಿ ರೇಡ್-ಝಡ್ ಎನ್ನುತ್ತಾರೆ. ಒಂದು ಡಿಸ್ಕು ಸತ್ತರೆ ಉಳಿದ ಮೂರರಿಂದ ಎಲ್ಲವನ್ನೂ ಮತ್ತೆ ಪಡೆಯಬಹುದು. ಈ ಗುಂಪಿಗೆ ಐದನೆಯ ಡಿಸ್ಕನ್ನು ಸೇರಿಸಬಹುದೇ?

ಹುಡುಕಿದಾಗ ಮೊದಲು ಸಿಕ್ಕ ಪುಟ, ಸಾಧ್ಯವೇ ಇಲ್ಲ, ಹೊಸ ಗುಂಪು ಕಟ್ಟಿ ಎಲ್ಲವನ್ನೂ ನಕಲು ಮಾಡಿ ಎಂದಿತು. ಎರಡನೆಯದು, ಝಡ್‌ಪೂಲ್ ಆ್ಯಡ್ ಎಂಬ ಆಜ್ಞೆ ಕೊಡಿ, ತಕರಾರು ಮಾಡಿದರೆ ಬಲವಂತದ ಗುರುತು ಹಾಕಿ ಎಂದಿತು. ಮೂರನೆಯದು, ಝಡ್‌ಪೂಲ್ ಅಟ್ಯಾಚ್ ಎಂದಿತು. ಮೂರರಲ್ಲೂ ಬರೆದವರ ಹೆಸರಿತ್ತು, ಮೂರೂ ನೋಡಲು ಅಚ್ಚುಕಟ್ಟಾಗಿದ್ದವು.

ಮೊದಲನೆಯ ಪುಟ ಸುಳ್ಳು ಹೇಳಿರಲಿಲ್ಲ. ಝಡ್‌ಎಫ್‌ಎಸ್‌ನ ಮೂಲ ಕೋಡ್ 2005ರಲ್ಲಿ ಹೊರಬಂದಾಗಿನಿಂದ ಸುಮಾರು ಎರಡು ದಶಕ ಅದೇ ಸತ್ಯವಾಗಿತ್ತು. ಗುಂಪನ್ನು ಅಗಲಿಸುವ ಕೆಲಸ ಕೈಗೆತ್ತಿಕೊಂಡಿರುವುದಾಗಿ 2017ರಲ್ಲಿ ಪ್ರಕಟವಾಯಿತು. ಝಡ್‌ಎಫ್‌ಎಸ್‌ನ ಈಗಿನ ಮುಕ್ತ ರೂಪವಾದ ಓಪನ್‌ಝಡ್‌ಎಫ್‌ಎಸ್‌ನ 2.3 ಆವೃತ್ತಿಯಲ್ಲಿ ಅದು ಅಧಿಕೃತವಾಗಿ ಕೈಸೇರಿದ್ದು 2025ರ ಜನವರಿಯಲ್ಲಿ. ಟ್ರೂನ್ಯಾಸ್‌ನವರು ತಮ್ಮ 24.10 ಆವೃತ್ತಿಯಲ್ಲಿ ಅದಕ್ಕೂ ಮುಂಚೆಯೇ, 2024ರ ಅಕ್ಟೋಬರ್‌ನಲ್ಲಿ ಕೊಟ್ಟುಬಿಟ್ಟಿದ್ದರು. ಉಬುಂಟು 24.04ರ ಜೊತೆ ಬರುವುದು 2.2, ಅದರಲ್ಲಿ ಇವತ್ತಿಗೂ ಆಗುವುದಿಲ್ಲ. ಅಂದರೆ ಒಂದೇ ದಿನ, ಒಂದೇ ಪ್ರಶ್ನೆಗೆ, ಪಕ್ಕಪಕ್ಕದ ಎರಡು ಮನೆಗಳಲ್ಲಿ ಎರಡು ಸರಿಯುತ್ತರ. ಹಳೆಯ ಪುಟ, ಮಾರ್ಗ ಬದಲಾದ ಮೇಲೂ ಬಸ್ ನಿಲ್ದಾಣದ ಗೋಡೆಯ ಮೇಲೆ ಉಳಿದುಬಿಟ್ಟ ವೇಳಾಪಟ್ಟಿಯ ಹಾಗೆ. ಬರೆದಾಗ ಅದರಲ್ಲಿ ಒಂದು ನಿಮಿಷವೂ ತಪ್ಪಿರಲಿಲ್ಲ.

ಅಪಾಯ ಇದ್ದದ್ದು ಎರಡನೆಯ ಪುಟದಲ್ಲಿ. ಆ್ಯಡ್ ಎಂದರೆ ಹೊಸ ಡಿಸ್ಕು ಗುಂಪಿನೊಳಗೆ ಹೋಗುವುದಿಲ್ಲ, ಗುಂಪಿನ ಪಕ್ಕದಲ್ಲಿ ಒಂಟಿಯಾಗಿ ನಿಲ್ಲುತ್ತದೆ. ಆಮೇಲೆ ಬರೆಯುವ ಮಾಹಿತಿ ನಾಲ್ಕರ ಗುಂಪಿಗೂ ಒಂಟಿ ಡಿಸ್ಕಿಗೂ ಹಂಚಿಹೋಗುತ್ತದೆ. ಆ ಒಂಟಿ ಡಿಸ್ಕು ಸತ್ತ ದಿನ ಇಡೀ ಪೂಲ್, ಅಂದರೆ ಎಲ್ಲ ಡಿಸ್ಕು ಸೇರಿ ಆದ ಉಗ್ರಾಣ, ಸತ್ತಂತೆ, ಉಳಿದ ನಾಲ್ಕು ಎಷ್ಟೇ ಗಟ್ಟಿಯಾಗಿರಲಿ. ಇಂಥ ಪೂಲಿನಿಂದ ಅದನ್ನು ಹೊರತೆಗೆಯಲೂ ಬರುವುದಿಲ್ಲ, ಏಕೆಂದರೆ ರೇಡ್-ಝಡ್ ಗುಂಪಿರುವ ಕಡೆ ಝಡ್‌ಪೂಲ್ ರಿಮೂವ್ ಡಿಸ್ಕನ್ನು ಬಿಡಿಸಿಕೊಡುವುದಿಲ್ಲ. ಹಿಂದಿನ ಸ್ಥಿತಿಗೆ ಮರಳಲು ಮೊದಲೇ ಚೆಕ್‌ಪಾಯಿಂಟ್ ಹಾಕಿಟ್ಟುಕೊಂಡಿದ್ದರೆ ಮಾತು ಬೇರೆ. ಹಾಕಿಟ್ಟುಕೊಳ್ಳುವಷ್ಟು ತಿಳಿದವರು ಆ ಆಜ್ಞೆಯನ್ನೇ ಕೊಡುತ್ತಿರಲಿಲ್ಲ. ತಂತ್ರಾಂಶ ತಾನಾಗಿಯೇ ತಕರಾರು ತೆಗೆಯುತ್ತದೆ, ಈ ಡಿಸ್ಕಿನ ರಕ್ಷಣೆಯ ಮಟ್ಟ ಉಳಿದದ್ದಕ್ಕೆ ಹೊಂದುತ್ತಿಲ್ಲ ಎಂದು ನಿಲ್ಲಿಸುತ್ತದೆ. ಪುಟ ಬರೆದ ಪುಣ್ಯಾತ್ಮರು ಆ ತಕರಾರನ್ನು ದಾಟುವ ಗುರುತನ್ನೂ ಕೊಟ್ಟಿದ್ದರು. ಸ್ನೇಹಿತರು ಅಲ್ಲಿ ನಿಂತು ಇನ್ನೊಂದು ಸಲ ಓದಿದ್ದರಿಂದ ಬಚಾವಾದರು.

ಹೀಗೇಕೆ ಆಗುತ್ತದೆ? ಬರೆಯುವವರು ಸೋಮಾರಿಗಳು ಎನ್ನುವುದು ಸುಲಭದ ಉತ್ತರ, ನಾನು ಒಪ್ಪುವುದಿಲ್ಲ. ಮುಕ್ತ ತಂತ್ರಾಂಶದಲ್ಲಿ ಕೋಡಿಗೆ ಪರವಾನಗಿಯ ರಕ್ಷಣೆ ಇದೆ. ಒಮ್ಮೆ ಬಿಟ್ಟುಕೊಟ್ಟದ್ದನ್ನು ಕಂಪನಿ ವಾಪಸು ಕೇಳುವಂತಿಲ್ಲ, ಯಾರು ಬೇಕಾದರೂ ಮುಂದುವರಿಸಬಹುದು. ಕೈಪಿಡಿ ಕುಳಿತಿರುವುದು ಮಾತ್ರ ಯಾರದೋ ವೆಬ್‌ಸೈಟಿನಲ್ಲಿ. ಅದರ ಬಾಡಿಗೆ ಕಟ್ಟುವ ಕಂಪನಿ ಮಾರಾಟವಾದರೆ, ಮನಸ್ಸು ಬದಲಿಸಿದರೆ, ಕೋಡ್ ಬದುಕಿದ್ದರೂ ಪುಟ ಹೋಗುತ್ತದೆ. ಹೋಗದಿದ್ದರೆ ಇನ್ನೂ ಕಷ್ಟ, ಅಲ್ಲೇ ಹಳಸುತ್ತಾ ಕೂರುತ್ತದೆ. ಈ ಕಥೆಯ ಬಹುಪಾಲು ನಡೆದದ್ದು ಸ್ಯಾನ್ ರಮೋನ್‌ನಿಂದ ಗಂಟೆಯೊಳಗಿನ ಹಾದಿಯಲ್ಲಿ, ಉಳಿದದ್ದು ಬೆಂಗಳೂರಿನಲ್ಲಿ.

ಝಡ್‌ಎಫ್‌ಎಸ್ ಹುಟ್ಟಿದ್ದು ಸನ್ ಮೈಕ್ರೋಸಿಸ್ಟಮ್ಸ್‌ನಲ್ಲಿ. ಜೆಫ್ ಬಾನ್ವಿಕ್, ಮ್ಯಾಥ್ಯೂ ಆರೆನ್ಸ್ ಮೊದಲಾದವರು 2001ರಲ್ಲಿ ಶುರು ಮಾಡಿದರು. ಸನ್‌ನ ಮೆನ್ಲೋ ಪಾರ್ಕ್ ಆವರಣದಲ್ಲಿ ಈಗ ಮೆಟಾ ಇದೆ. ಫೇಸ್‌ಬುಕ್ ಅಲ್ಲಿಗೆ ಬಂದಾಗ ಹಳೆಯ ಫಲಕವನ್ನೇ ತಿರುಗಿಸಿ ತನ್ನ ಗುರುತು ಹಾಕಿತು. ಹಿಂದೆ ಹೋಗಿ ನೋಡಿದರೆ ಸನ್‌ನ ಹೆಸರು ಹಾಗೇ ಇದೆ ಎಂಬುದು ಸಿಲಿಕಾನ್ ಕಣಿವೆಯ ಹಳಬರ ಮೆಚ್ಚಿನ ಮಾತು. 2010ರ ಜನವರಿಯಲ್ಲಿ ಒರಾಕಲ್ ಸನ್ ಅನ್ನು ಕೊಂಡಿತು. ಅದೇ ವರ್ಷದ ಆಗಸ್ಟಿನಲ್ಲಿ, ಝಡ್‌ಎಫ್‌ಎಸ್ ಇದ್ದ ಓಪನ್‌ಸೊಲಾರಿಸ್ ಎಂಬ ಮುಕ್ತ ಕಾರ್ಯಾಚರಣ ವ್ಯವಸ್ಥೆಯ ಬೆಳವಣಿಗೆಯ ಬಾಗಿಲು ಮುಚ್ಚಿತು. 2013ರಲ್ಲಿ ಓಪನ್‌ಸೊಲಾರಿಸ್ ತಾಣವೂ ಮುಚ್ಚಿತು. ಅಲ್ಲಿದ್ದ ಝಡ್‌ಎಫ್‌ಎಸ್ ಪ್ರಶ್ನೋತ್ತರಗಳು, ಸನ್‌ನ ಎಂಜಿನಿಯರುಗಳೇ ಬರೆದ ವಿವರಣೆಗಳು ಜೊತೆಯಲ್ಲೇ ಹೋದವು. ಅವುಗಳಿಗೆ ಕೊಂಡಿ ಕೊಟ್ಟ ಸಾವಿರಾರು ಪುಟಗಳು ಇಂದಿಗೂ ಇವೆ, ಒತ್ತಿದರೆ ಏನೂ ಸಿಗುವುದಿಲ್ಲ.

ಕೋಡ್ ಮಾತ್ರ ಬೇರೆ ಮನೆಗಳಿಗೆ ದಾಟಿಕೊಂಡಿತ್ತು. ಅದರಲ್ಲಿ ಒಂದು ಮನೆ ನಮ್ಮೂರಿನಿಂದ ಅರ್ಧ ಗಂಟೆಯ ದಾರಿ, ಲಿವರ್‌ಮೋರ್. ಪರಮಾಣು ಸಂಶೋಧನೆಗೆ ಹೆಸರಾದ ಅಲ್ಲಿನ ರಾಷ್ಟ್ರೀಯ ಪ್ರಯೋಗಾಲಯಕ್ಕೆ ತನ್ನ ಸೂಪರ್ ಕಂಪ್ಯೂಟರುಗಳ ಮಾಹಿತಿ ಇಡಲು ಗಟ್ಟಿ ವ್ಯವಸ್ಥೆ ಬೇಕಿತ್ತು. ಬ್ರಯಾನ್ ಬೆಹ್ಲೆಂಡಾರ್ಫ್ ಮತ್ತು ಜೊತೆಗಾರರು ಝಡ್‌ಎಫ್‌ಎಸ್ ಅನ್ನು ಲಿನಕ್ಸಿಗೆ ತಂದರು. ಅಪಾಚೆ ವೆಬ್ ಸರ್ವರ್‌ನ ಸ್ಥಾಪಕರಲ್ಲೊಬ್ಬರ ಹೆಸರೂ ಬ್ರಯಾನ್ ಬೆಹ್ಲೆಂಡಾರ್ಫ್, ಇಬ್ಬರೂ ಬೇರೆಬೇರೆ. ಈ ವಿಷಯದಲ್ಲಿ ಹುಡುಕಾಟ ಹೆಸರಿನಲ್ಲೂ ಸುಲಭವಿಲ್ಲ ನೋಡಿ. 2013ರ ಸೆಪ್ಟೆಂಬರ್‌ನಲ್ಲಿ ಓಪನ್‌ಝಡ್‌ಎಫ್‌ಎಸ್ ಎಂಬ ಒಕ್ಕೂಟ ಆಯಿತು. 2020ರ ನವೆಂಬರ್‌ನ 2.0 ಆವೃತ್ತಿಯಲ್ಲಿ ಲಿನಕ್ಸ್ ಮತ್ತು ಫ್ರೀಬಿಎಸ್‌ಡಿ ಎರಡಕ್ಕೂ ಒಂದೇ ಕೋಡ್ ಆಯಿತು.

ಅಷ್ಟರಲ್ಲಿ ಒರಾಕಲ್ ತನ್ನ ಝಡ್‌ಎಫ್‌ಎಸ್ ಅನ್ನು ಬೇರೆಯೇ ದಾರಿಯಲ್ಲಿ ಬೆಳೆಸಿತ್ತು. ಅದರ ಕೈಪಿಡಿ ಚೆನ್ನಾಗಿದೆ, ವಿವರವಾಗಿದೆ, ಹುಡುಕಿದರೆ ಮೊದಲ ಸಾಲಿನಲ್ಲೇ ಬರುತ್ತದೆ, ಆದರೆ ನಿಮ್ಮ ಪೆಟ್ಟಿಗೆಗೆ ಸಂಬಂಧಿಸಿದ್ದಲ್ಲ. ಗೂಢಲಿಪಿಯ ಬೀಗ ಹಾಕುವುದನ್ನೇ ತೆಗೆದುಕೊಳ್ಳಿ. ಒರಾಕಲ್ ಕೈಪಿಡಿ ಕೀಸೋರ್ಸ್ ಎಂಬ ಗುಣಕ್ಕೆ ಬೆಲೆ ಕೊಡಿ ಎನ್ನುತ್ತದೆ. ಓಪನ್‌ಝಡ್‌ಎಫ್‌ಎಸ್‌ನಲ್ಲಿ ಆ ಗುಣವೇ ಇಲ್ಲ, 2019ರ 0.8 ಆವೃತ್ತಿಯಿಂದ ಅಲ್ಲಿ ಇರುವುದು ಕೀಫಾರ್ಮ್ಯಾಟ್ ಮತ್ತು ಕೀಲೊಕೇಶನ್ ಎಂಬ ಎರಡು ಗುಣ. ಆಜ್ಞೆ ಒಪ್ಪದಿದ್ದಾಗ ಬಡಪಾಯಿ ಬಳಕೆದಾರ ತನ್ನ ಟೈಪಿಂಗ್ ತಪ್ಪೆಂದುಕೊಂಡು ಅರ್ಧ ರಾತ್ರಿ ಕಳೆಯುತ್ತಾನೆ. ಒಂದೇ ಹೆಸರಿನ ಎರಡು ತಂತ್ರಾಂಶ ಎಂದು ಆ ಪುಟ ಅವನಿಗೆ ಹೇಳುವುದಿಲ್ಲ, ಹೇಳುವ ಜವಾಬ್ದಾರಿ ಒರಾಕಲ್‌ನದೂ ಅಲ್ಲ.

ಬೆಂಗಳೂರಿನ ಕಥೆಯೂ ಇದೇ ರಾಗ. ಹಲವು ಕಂಪ್ಯೂಟರುಗಳ ಡಿಸ್ಕನ್ನು ಒಂದೇ ದೊಡ್ಡ ಉಗ್ರಾಣದಂತೆ ತೋರಿಸುವ ಗ್ಲಸ್ಟರ್‌ನ ಕಚೇರಿ ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿತ್ತು, ಎಂಜಿನಿಯರುಗಳ ದೊಡ್ಡ ಪಡೆ ಬೆಂಗಳೂರಿನಲ್ಲಿತ್ತು. 2011ರ ಅಕ್ಟೋಬರ್‌ನಲ್ಲಿ ರೆಡ್ ಹ್ಯಾಟ್ ಸುಮಾರು 13.6 ಕೋಟಿ ಡಾಲರಿಗೆ ಅದನ್ನು ಕೊಂಡಿತು. ಅಲ್ಲಿಂದ ಗ್ಲಸ್ಟರ್‌ಗೆ ಎರಡು ಕೈಪಿಡಿ, ಸಮುದಾಯದ್ದೊಂದು, ರೆಡ್ ಹ್ಯಾಟ್ ಮಾರುವ ಉತ್ಪನ್ನದ್ದೊಂದು. ಆ ಉತ್ಪನ್ನದ ಬೆಂಬಲ 2024ರ ಡಿಸೆಂಬರ್ 31ಕ್ಕೆ ಮುಗಿಯಿತು. ಹಳೆಯ ಪಾಠಗಳು ಇನ್ನೂ ಎರಡು ಪ್ರತಿ ಇಟ್ಟರೆ ಸಾಕೆನ್ನುತ್ತವೆ. ಎರಡೇ ಪ್ರತಿಯಿದ್ದು ನಡುವೆ ಸಂಪರ್ಕ ಕಡಿದರೆ ಯಾವುದು ನಿಜ ಎಂದು ತೀರ್ಮಾನಿಸಲು ಮೂರನೆಯವರಿಲ್ಲ. ಈ ಅನುಭವ ಆದಮೇಲೆ ಗ್ಲಸ್ಟರ್‌ನವರು ಎಚ್ಚರಿಕೆಯನ್ನು ಆಜ್ಞೆಯೊಳಗೇ ಸೇರಿಸಿದರು. ಎರಡು ಪ್ರತಿ ಕೇಳಿದರೆ ಅದು ಇಂಥ ಒಡಕಿನ ಅಪಾಯ ಹೇಳಿ, ಮೂರು ಮಾಡಿ ಅಥವಾ ಮಧ್ಯಸ್ಥನನ್ನು ಇಡಿ ಎನ್ನುತ್ತದೆ. ಪಾಠ ಬರೆದವರನ್ನು ಹುಡುಕಿ ತಿದ್ದಿಸುವುದಕ್ಕಿಂತ ಇದು ಜಾಣತನ.

ಬೆಂಗಳೂರಿನಲ್ಲೇ ಬೆಳೆದ ಕ್ಲೌಡ್‌ಬೈಟ್ ಮುಂದೆ ಮಾಯಾಡೇಟಾ ಆಯಿತು, ಮಾಹಿತಿ ಸಂಗ್ರಹಕ್ಕೆ ಓಪನ್‌ಇಬಿಎಸ್ ಎಂಬ ಮುಕ್ತ ಯೋಜನೆಯನ್ನು ಕೊಟ್ಟಿತು. 2021ರಲ್ಲಿ ಅದನ್ನು ಡೇಟಾಕೋರ್ ಕೊಂಡಿತು. ಈ ನಡುವೆ ಓಪನ್‌ಇಬಿಎಸ್‌ನ ಒಳಗಿದ್ದ ಎಂಜಿನ್‌ಗಳು ಬದಲಾದವು. ಮೊದಲ ದಿನಗಳ ಪಾಠಗಳಲ್ಲಿ ಮೆರೆಯುತ್ತಿದ್ದ ಜೀವಾ ಮತ್ತು ಸಿಸ್ಟಾರ್ ಈಗ ಹಿಂದೆ ಸರಿದಿವೆ. ಪಾಠಗಳು ಸರಿದಿಲ್ಲ.

ತೀರಾ ಈಚಿನದು ಮಿನ್‌ಐಒ ಎಂಬ ಸಂಗ್ರಹ ತಂತ್ರಾಂಶದ ಕಥೆ. ಗ್ಲಸ್ಟರ್ ಸ್ಥಾಪಕರಲ್ಲೊಬ್ಬರಾದ ಆನಂದ್ ಬಾಬು ಪೆರಿಯಸಾಮಿ ಜೊತೆಗಾರರೊಂದಿಗೆ 2014ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಪ್ರದೇಶದಲ್ಲಿ ಕಟ್ಟಿದ ಕಂಪನಿಯದು ಅದು. 2021ರಲ್ಲಿ ಪರವಾನಗಿ ಬದಲಾಯಿತು. 2025ರಲ್ಲಿ ಉಚಿತ ಆವೃತ್ತಿಯ ಪರದೆಯಿಂದ ಆಡಳಿತದ ಸೌಲಭ್ಯಗಳು ಮಾಯವಾದವು, ಅಕ್ಟೋಬರ್‌ನಲ್ಲಿ ಸಿದ್ಧ ಕಂತೆಗಳನ್ನು ಕೊಡುವುದು ನಿಂತಿತು, ಡಿಸೆಂಬರ್‌ನಲ್ಲಿ ಯೋಜನೆ ಬರೀ ನಿರ್ವಹಣೆಯ ಸ್ಥಿತಿಗೆ ಬಂತು. ಆ ವರ್ಷದ ಆರಂಭದ ಯಾವ ಪುಟವನ್ನು ತೆರೆದರೂ ಅಲ್ಲಿರುವ ಚಿತ್ರ ನಿಮ್ಮ ಪರದೆಯಲ್ಲಿ ಇರುವುದಿಲ್ಲ. ಕಂಪನಿಗೆ ಹೊಟ್ಟೆಪಾಡಿದೆ, ಬೈದು ಪ್ರಯೋಜನವಿಲ್ಲ. ಆದರೆ ಒಂದೇ ಕಂಪನಿ ಬರೆಯುವ ತಂತ್ರಾಂಶದ ಕೈಪಿಡಿಯನ್ನು ಓದುವಾಗ ಆ ಕಂಪನಿಯ ವ್ಯಾಪಾರ ಎತ್ತ ಸಾಗಿದೆ ಎಂಬುದೂ ಓದಬೇಕಾದ ಪುಟ ಎಂದು ನನ್ನ ಎಣಿಕೆ.

ಹಾಗಾದರೆ ಮಾಡುವುದೇನು? ಮೊದಲು ನಿಮ್ಮ ಪೆಟ್ಟಿಗೆಯಲ್ಲಿ ಏನಿದೆ ಎಂದು ಕೇಳಿ. ಝಡ್‌ಎಫ್‌ಎಸ್ ವರ್ಷನ್ ಎಂಬ ಆಜ್ಞೆ ಎರಡು ಸಾಲು ಕೊಡುತ್ತದೆ: ಆಜ್ಞೆಗಳ ಆವೃತ್ತಿ ಒಂದು, ಕರ್ನೆಲ್‌ನೊಳಗಿನ ಭಾಗದ ಆವೃತ್ತಿ ಇನ್ನೊಂದು. ಎರಡೂ ಬೇರೆಯಾಗಿರುವ ಪೆಟ್ಟಿಗೆಗಳಿವೆ, ಹಾಗಿದ್ದರೆ ಅದನ್ನೇ ಮೊದಲು ಸರಿಪಡಿಸಬೇಕು. ಆ ಸಂಖ್ಯೆ ಗೊತ್ತಿಲ್ಲದೆ ಯಾವ ಪುಟವನ್ನು ತೆರೆದರೂ ಅದು ಕಾಲಕ್ಷೇಪ.

ನಂತರ ಇಂಟರ್‌ನೆಟ್ಟಿಗಿಂತ ಮೊದಲು ಪೆಟ್ಟಿಗೆಯೊಳಗಿನ ಮ್ಯಾನ್ ಪುಟ. ಯೂನಿಕ್ಸ್‌ನ ಈ ಹಳೆಯ ಪದ್ಧತಿಯನ್ನು ಹೊಸಬರು ನೋಡಿ ನಗುತ್ತಾರೆ: ಬಣ್ಣವಿಲ್ಲ, ಚಿತ್ರವಿಲ್ಲ, ಭಾಷೆ ಒಣ. ಆದರೆ ಅದರಲ್ಲಿ ಬೇರೆಲ್ಲೂ ಇಲ್ಲದ ಗುಣವೊಂದಿದೆ. ಅದು ಕೋಡಿನ ಜೊತೆ ಅದೇ ಭಂಡಾರದಲ್ಲಿ ಇರುತ್ತದೆ, ಅದೇ ಕಂತೆಯಲ್ಲಿ ನಿಮ್ಮ ಮನೆಗೆ ಬರುತ್ತದೆ. ಕೋಡ್ ಬದಲಿಸಿದವರೇ ಪುಟವನ್ನೂ ತಿದ್ದಿ, ಇನ್ನೊಬ್ಬರು ಎರಡನ್ನೂ ಒಟ್ಟಿಗೆ ನೋಡಿ ಒಪ್ಪಿರುತ್ತಾರೆ. ಕಂಪನಿ ಮಾರಾಟವಾದರೂ, ವೆಬ್‌ಸೈಟ್ ಮುಚ್ಚಿದರೂ, ಗಾಳಿಯ ದಿನ ಇಂಟರ್‌ನೆಟ್ ಹೋದರೂ ಅದು ಅಲ್ಲೇ ಇರುತ್ತದೆ. ಸ್ನೇಹಿತರ ಪೆಟ್ಟಿಗೆಯಲ್ಲಿ ಝಡ್‌ಪೂಲ್ ಅಟ್ಯಾಚ್‌ನ ಮ್ಯಾನ್ ಪುಟ ತೆರೆದಾಗ ರೇಡ್-ಝಡ್ ಗುಂಪನ್ನು ಅಗಲಿಸುವ ವಿಷಯ ಅಲ್ಲೇ ಇತ್ತು. ಮೂರು ಪುಟಗಳ ಜಗಳ ಅಲ್ಲಿಗೆ ತೀರಿತು. ಹಳೆಯ ಮಾಹಿತಿ ಹಳೆಯ ಲೆಕ್ಕದಲ್ಲೇ ಉಳಿಯುತ್ತದೆ, ಹೊಸದಾಗಿ ಬರೆದದ್ದಕ್ಕೆ ಮಾತ್ರ ಹೊಸ ಅನುಪಾತ ಎಂಬ ಸೂಕ್ಷ್ಮವೂ ಅಲ್ಲೇ ಇತ್ತು. ಇದು ತಿಳಿಯದೆ ಬಹಳ ಮಂದಿ ಜಾಗ ಲೆಕ್ಕಕ್ಕಿಂತ ಕಡಿಮೆ ಬಂತೆಂದು ಗಾಬರಿಯಾಗುತ್ತಾರೆ. ಬ್ರೌಸರಿನಲ್ಲೇ ಓದಬೇಕೆನ್ನುವವರಿಗೆ ಓಪನ್‌ಝಡ್‌ಎಫ್‌ಎಸ್ ಇದೇ ಪುಟಗಳನ್ನು ಆವೃತ್ತಿವಾರು ಬೇರೆಬೇರೆಯಾಗಿ ಇಟ್ಟಿದೆ.

ಟ್ರೂನ್ಯಾಸ್‌ನಂಥ ಸಿದ್ಧ ವ್ಯವಸ್ಥೆ ಇದ್ದವರಿಗೆ ಇನ್ನೊಂದು ಪದರ. ಐಎಕ್ಸ್‌ಸಿಸ್ಟಮ್ಸ್ ಬೆಳೆಸಿದ ಇದು ಮೊದಲು ಫ್ರೀನ್ಯಾಸ್ ಆಗಿತ್ತು. 2017ರ ಮಾರ್ಚ್‌ನಲ್ಲಿ ಕೋರಲ್ ಎಂಬ ಹೊಸ ಅವತಾರ ಬಂದು ಮರುತಿಂಗಳೇ ವಾಪಸಾಯಿತು. ಆಮೇಲೆ ಕೋರ್, ಸ್ಕೇಲ್ ಎಂದು ಎರಡಾಯಿತು, 2025ರಲ್ಲಿ ಮತ್ತೆ ಒಂದಾಯಿತು. ಅದರೊಳಗಿನ ಆ್ಯಪ್‌ಗಳು 24.04ರವರೆಗೆ ಕುಬರ್ನೆಟಿಸ್ ಮೇಲೆ ಓಡುತ್ತಿದ್ದವು, 24.10ರಿಂದ ಡಾಕರ್ ಮೇಲೆ. ಅದಕ್ಕೂ ಹಿಂದಿನ ಆ್ಯಪ್ ಪಾಠಗಳೆಲ್ಲ ಒಂದೇ ದಿನದಲ್ಲಿ ಚರಿತ್ರೆಯಾದವು. ಅದರ ಕೈಪಿಡಿಯಲ್ಲಿ ಆವೃತ್ತಿ ಆರಿಸುವ ಪಟ್ಟಿ ಇದೆ, ಮೊದಲು ಅದನ್ನು ಮುಟ್ಟಿ. ಇಂಥ ಪೆಟ್ಟಿಗೆಯಲ್ಲಿ ಡಿಸ್ಕು ಸೇರಿಸುವುದನ್ನೂ ಅದರ ಪರದೆಯಿಂದಲೇ ಮಾಡಬೇಕು; ಬೆನ್ನ ಹಿಂದೆ ಆಜ್ಞೆ ಕೊಟ್ಟರೆ ಪರದೆಗೆ ಅದು ಗೊತ್ತಾಗದೆ ಗೊಂದಲ. ಒಂದು ಟೆರಾಬೈಟಿಗೆ ಒಂದು ಗಿಗಾಬೈಟ್ ರ್‍ಯಾಮ್ ಬೇಕೇಬೇಕು ಎಂಬ ಮಂತ್ರವನ್ನು ಇಂದಿಗೂ ಕೇಳುತ್ತೇವೆ. ಟ್ರೂನ್ಯಾಸ್‌ನ ಕೈಪಿಡಿ ಕೇಳುವ ಕನಿಷ್ಠ 8 ಗಿಗಾಬೈಟ್. ಹಳೆಯ ಅಂದಾಜೊಂದು ಬಾಯಿಂದ ಬಾಯಿಗೆ ದಾಟಿ ಶಾಸ್ತ್ರವಾಗಿಬಿಟ್ಟಿದೆ.

ಚಾಟ್‌ಬಾಟನ್ನು ಕೇಳಿದರಾಗದೇ ಎಂದು ಈಗ ಎಲ್ಲರೂ ಕೇಳುತ್ತಾರೆ. ಕೇಳಿ, ಆದರೆ ಅದು ಓದಿರುವುದೂ ಆ ಹತ್ತು ಪುಟಗಳನ್ನೇ. 2009ರದ್ದನ್ನೂ 2025ರದ್ದನ್ನೂ ಬೆರೆಸಿ ಒಂದೇ ಉಸಿರಿನಲ್ಲಿ ಒಪ್ಪಿಸುತ್ತದೆ, ಇಲ್ಲದ ಗುರುತನ್ನು ಇದೆಯೆಂದೂ ಹೇಳುತ್ತದೆ. ಅದು ಕೊಟ್ಟ ಆಜ್ಞೆಯನ್ನು ಮ್ಯಾನ್ ಪುಟದಲ್ಲಿ ಹುಡುಕಿ, ಸಿಕ್ಕರೆ ಮುಂದುವರಿಯಿರಿ.

ಸಿಕ್ಕರೂ ನೇರ ನಿಜವಾದ ಡಿಸ್ಕಿನ ಮೇಲೆ ಬೇಡ. ಝಡ್‌ಪೂಲ್ ಆ್ಯಡ್‌ಗೆ ಎನ್ ಎಂಬ ಗುರುತು ಹಾಕಿದರೆ ಏನೂ ಮಾಡದೆ, ಮಾಡಿದರೆ ಪೂಲ್ ಹೇಗಾಗುತ್ತದೆ ಎಂದು ಮಾತ್ರ ತೋರಿಸುತ್ತದೆ. ಎರಡನೆಯ ಪುಟದ ಬಲವಂತದ ಆಜ್ಞೆಗೆ ಇದನ್ನೂ ಸೇರಿಸಿದ್ದರೆ ಒಂಟಿ ಡಿಸ್ಕು ಪಕ್ಕದಲ್ಲಿ ನಿಂತಿರುವುದು ಅಲ್ಲೇ ಕಣ್ಣಿಗೆ ಬೀಳುತ್ತಿತ್ತು. ಇನ್ನೂ ಒಳ್ಳೆಯದೆಂದರೆ ಝಡ್‌ಎಫ್‌ಎಸ್ ಸಾದಾ ಫೈಲುಗಳನ್ನೂ ಡಿಸ್ಕೆಂದು ಒಪ್ಪುತ್ತದೆ. ಬೇರೆ ಲ್ಯಾಪ್‌ಟಾಪಿನಲ್ಲಿ ಐದು ಖಾಲಿ ಫೈಲು ಮಾಡಿ, ನಾಲ್ಕರಿಂದ ಆಟಿಕೆಯ ಪೂಲ್ ಕಟ್ಟಿ, ಐದನೆಯದನ್ನು ಸೇರಿಸಿ, ಬೇಕಾದರೆ ಒಂದನ್ನು ಅಳಿಸಿ ನೋಡಿ. ಕಳೆದುಕೊಳ್ಳುವುದೇನೂ ಇಲ್ಲ.

ಕೈಪಿಡಿ ಎಷ್ಟೇ ಚೆನ್ನಾಗಿದ್ದರೂ ಅದಕ್ಕೆ ಇನ್ನೂ ಗೊತ್ತಿಲ್ಲದ್ದು ಇರುತ್ತದೆ. 2023ರ ಅಕ್ಟೋಬರ್‌ನಲ್ಲಿ ಬಂದ ಓಪನ್‌ಝಡ್‌ಎಫ್‌ಎಸ್‌ನ 2.2.0 ಆವೃತ್ತಿಯಲ್ಲಿ ನಕಲು ಮಾಡಿದ ಕೆಲವು ಫೈಲುಗಳ ನಡುವೆ ಸೊನ್ನೆಗಳು ತುಂಬಿಕೊಳ್ಳುತ್ತಿದ್ದುದು ನವೆಂಬರ್‌ನಲ್ಲಿ ವರದಿಯಾಯಿತು. ಮೊದಲು ಅನುಮಾನ ಬಿದ್ದದ್ದು ಹೊಸದಾಗಿ ಬಂದ ಬ್ಲಾಕ್ ಕ್ಲೋನಿಂಗ್ ಎಂಬ ಸೌಲಭ್ಯದ ಮೇಲೆ. 2.2.1ರಲ್ಲಿ ಅದನ್ನು ನಿಲ್ಲಿಸಿದರು. ಅಗೆದಾಗ ಬೇರು ಬಹಳ ಹಳೆಯದೆಂದು, ಹಿಂದಿನ ಆವೃತ್ತಿಗಳಲ್ಲೂ ಇತ್ತೆಂದು ಗೊತ್ತಾಗಿ ತಿಂಗಳ ಕೊನೆಗೆ 2.2.2 ಮತ್ತು 2.1.14 ಬಂದವು. ಅಮೆರಿಕ ಥ್ಯಾಂಕ್ಸ್‌ಗಿವಿಂಗ್ ರಜೆಯಲ್ಲಿದ್ದ ಆ ದಿನಗಳಲ್ಲಿ ಯಾವ ಕೈಪಿಡಿಯಲ್ಲೂ ಇದರ ಸುಳಿವಿರಲಿಲ್ಲ. ಇದ್ದದ್ದು ದೋಷಗಳ ದಾಖಲೆಯಲ್ಲಿ, 15526ನೆಯ ನಮೂದಿನಲ್ಲಿ. ಆವೃತ್ತಿ ಏರಿಸುವ ಮೊದಲು ಬಿಡುಗಡೆಯ ಟಿಪ್ಪಣಿ ಓದಿ, ಆ ಆವೃತ್ತಿಯ ಹೆಸರಿನಲ್ಲಿ ತೆರೆದಿರುವ ದೂರುಗಳ ಮೇಲೆ ಒಮ್ಮೆ ಕಣ್ಣಾಡಿಸುವುದು ಅದಕ್ಕೇ. ಹೊಸದು ಬಂದ ವಾರವೇ ಮನೆಯ ಫೋಟೊಗಳ ಮೇಲೆ ಪ್ರಯೋಗ ಮಾಡುವ ಉತ್ಸಾಹ ನನಗಂತೂ ಇಲ್ಲ.

ಪೂಲಿನ ಸ್ಥಿತಿ ಕೇಳಿದಾಗ, ಕೆಲವು ಹೊಸ ಸೌಲಭ್ಯ ಇನ್ನೂ ಚಾಲೂ ಆಗಿಲ್ಲ, ಝಡ್‌ಪೂಲ್ ಅಪ್‌ಗ್ರೇಡ್ ಮಾಡಬಹುದು ಎಂಬ ಸಾಲು ಬರುತ್ತದಲ್ಲ, ಅದಕ್ಕೂ ಅವಸರ ಬೇಡ. ಏರಿಸಿದ ಪೂಲನ್ನು ಇಳಿಸಲಾಗುವುದಿಲ್ಲ, ಹಳೆಯ ಆವೃತ್ತಿಯ ಯಂತ್ರ ಅದನ್ನು ಓದಲು ನಿರಾಕರಿಸಬಹುದು.

ಮಾಯವಾದ ಹಳೆಯ ಪುಟ ಬೇಕೇಬೇಕೆಂದರೆ ಸ್ಯಾನ್ ಫ್ರಾನ್ಸಿಸ್ಕೋದ ಫನ್‌ಸ್ಟನ್ ಅವೆನ್ಯೂವಿನ ಹಳೆಯ ಚರ್ಚಿನಲ್ಲಿರುವ ಇಂಟರ್‌ನೆಟ್ ಆರ್ಕೈವ್ ಇದೆ. 2024ರ ಅಕ್ಟೋಬರ್‌ನಲ್ಲಿ ಸೈಬರ್ ದಾಳಿಗೆ ಸಿಕ್ಕಿ ಅದೂ ಕೆಲವು ದಿನ ಬಾಗಿಲು ಹಾಕಿತ್ತು. ಅಲ್ಲಿ ಸಿಗುವ ಪುಟದ ನೆತ್ತಿಯ ಮೇಲೆ ಉಳಿಸಿಕೊಂಡ ದಿನಾಂಕ ಇರುತ್ತದೆ. ಎಲ್ಲ ಪುಟಗಳಿಗೂ ಹಾಗೆ ಇದ್ದಿದ್ದರೆ ಈ ಅಂಕಣ ಅರ್ಧಕ್ಕೇ ಮುಗಿಯುತ್ತಿತ್ತು.

ಇನ್ನುಳಿದದ್ದು ಯಾರೂ ನಿಮಗಾಗಿ ಬರೆದುಕೊಡದ ಕೈಪಿಡಿ, ನಿಮ್ಮದೇ ಪೆಟ್ಟಿಗೆಯದ್ದು: ಯಾವ ಗೂಡಿನಲ್ಲಿ ಯಾವ ಸಂಖ್ಯೆಯ ಡಿಸ್ಕು, ಬೀಗದ ಪದ ಎಲ್ಲಿ ಬರೆದಿಟ್ಟಿದೆ, ಎರಡನೆಯ ಪ್ರತಿ ಯಾರ ಮನೆಯಲ್ಲಿದೆ. ಗರಾಜಿನ ಯಜಮಾನರು ಊರಿಗೆ ಹೋಗಿದ್ದಾಗ ಡಿಸ್ಕು ಕೈಕೊಟ್ಟರೆ ಮನೆಯವರು ಹುಡುಕುವುದು ಅದನ್ನೇ, ಆದ್ದರಿಂದ ಅದು ಕಾಗದದ ಮೇಲಿರಬೇಕು. ಅರ್ಧ ಕೆಲಸವನ್ನು ಪೂಲ್ ತಾನೇ ಮಾಡಿಟ್ಟುಕೊಂಡಿರುತ್ತದೆ. ಝಡ್‌ಪೂಲ್ ಹಿಸ್ಟರಿ ಎಂದು ಕೇಳಿದರೆ ಆ ಪೂಲನ್ನು ಬದಲಿಸಿದ ಆಜ್ಞೆಗಳನ್ನು ದಿನಾಂಕ, ಸಮಯ ಸಹಿತ ಒಂದೊಂದಾಗಿ ತೋರಿಸುತ್ತದೆ. ಇದು ಡಿಸ್ಕುಗಳ ಮೇಲೇ ಬರೆದಿರುವುದರಿಂದ ಅವನ್ನು ಬೇರೆ ಯಂತ್ರಕ್ಕೆ ಸಾಗಿಸಿದರೂ ಜೊತೆಗೆ ಬರುತ್ತದೆ. ಜಾಗ ತುಂಬಿದರೆ ನಡುವಿನ ಹಳೆಯ ಸಾಲುಗಳು ಅಳಿಯುತ್ತವೆ, ಆದರೆ ಪೂಲನ್ನು ಮೊದಲು ಕಟ್ಟಿದ ಆಜ್ಞೆಯ ಸಾಲನ್ನು ಅದು ಅಳಿಸುವುದಿಲ್ಲ.